ಮಿಸ್ ಹೇಳಿಕೊಟ್ಟ ಸ್ವಭಾವಗಳು

ಅವರ ಎಡಹುಬ್ಬಿನ ಅರ್ಧ ಬೆಳ್ಳಗಿತ್ತು. ವಯಸ್ಸಿನ ನರೆಯಲ್ಲ, ಹುಟ್ಟಿನಿಂದ ಬಂದ ಒಂದು ಬಿಳಿ ಮಚ್ಚೆ, ಅದರ ಮೇಲೆ ಮೂಡಿದ ಕೂದಲೂ ಬಿಳಿ. ಮಾತಿನ ನಡುವೆ ಯಾರಾದರೂ ಒಂದು ಇಂಗ್ಲಿಷ್ ಶಬ್ದವನ್ನು ತಪ್ಪು ಜಾಗದಲ್ಲಿ ಇಟ್ಟರೆ ಆ ಹುಬ್ಬು ಒಂದಿಷ್ಟು ಮೇಲೇಳುತ್ತಿತ್ತು. ಬಾಯಿ ಏನೂ ಹೇಳುತ್ತಿರಲಿಲ್ಲ. ಸರಿಯಾದ ಶಬ್ದ ಯಾವುದೆಂದು ನಾವೇ ಕೇಳಬೇಕಿತ್ತು.

ವೆಸ್ಟ್ ಮಾಂಬಲಂನ ಸಂದಿಯೊಂದರಲ್ಲಿ, ಲಿಫ್ಟ್ ಇಲ್ಲದ ಕಟ್ಟಡದ ಮೂರನೆಯ ಮಹಡಿಯಲ್ಲಿ, ಅವರದು ನಮ್ಮ ಎದುರುಮನೆ. ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಬಹುಕಾಲ ಇಂಗ್ಲಿಷ್ ಕಲಿಸಿ ನಿವೃತ್ತರಾಗಿದ್ದರು. ಇಡೀ ಕಟ್ಟಡಕ್ಕೆ ಅವರು ಮಿಸ್. ಅವರ ಗಂಡ ಉಡುಪಿ ಕಡೆಯಿಂದ ಹುಡುಗನಾಗಿದ್ದಾಗಲೇ ಬಂದು, ವಡಪಳನಿಯಲ್ಲಿ ನೆಂಟರು ನಡೆಸುತ್ತಿದ್ದ ಸಸ್ಯಾಹಾರಿ ಹೋಟೆಲಿನಲ್ಲಿ ಮ್ಯಾನೇಜರ್ ಆಗಿದ್ದರು. ಅವರನ್ನು ಎಲ್ಲರೂ ರಾಯರು ಎನ್ನುತ್ತಿದ್ದರು. ಒಬ್ಬಳೇ ಮಗಳು, ಮದುವೆಯಾಗಿ ಊರಿನ ಇನ್ನೊಂದು ತುದಿಯಲ್ಲಿದ್ದಳು.

ನಾವು ಮಂಡ್ಯದವರು. ಗಂಡನಿಗೆ ಮದರಾಸಿಗೆ ವರ್ಗವಾಯಿತು, ನನಗೆ ಶೋಳಿಂಗನಲ್ಲೂರಿನ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಟೆಸ್ಟ್ ಮಾಡುವ ಕೆಲಸ ಸಿಕ್ಕಿತು. ತಮಿಳು ಬಾರದು, ಇಂಗ್ಲಿಷ್ ಅಷ್ಟಕ್ಕಷ್ಟೆ. ಬಂದ ಹೊಸದರಲ್ಲಿ ಒಂದು ಬೆಳಿಗ್ಗೆ ಬಾಗಿಲಲ್ಲಿ ನಿಂತು ಫೋನಿನಲ್ಲಿ ಅಮ್ಮನ ಜೊತೆ ಮಾತಾಡುತ್ತಿದ್ದೆ. ಎದುರು ಬಾಗಿಲು ತೆರೆಯಿತು. "ಹಬ್ಬಕ್ಕೆ ಬತ್ತೀನಿ ಅಂದದ್ದು ಕೇಳಿತು. ಬಯಲುಸೀಮೆಯವರಾ?" ಎಂದು ಮಿಸ್ ನಕ್ಕರು. ಆ ನಗುವಿಗೆ ಸದ್ದಿರಲಿಲ್ಲ, ಭುಜ ಮಾತ್ರ ಅಲುಗುತ್ತಿತ್ತು.

ನಮ್ಮ ಸ್ನೇಹ ಗಟ್ಟಿಯಾದದ್ದು ಒಂದು ಶಬ್ದದಿಂದ. ಕಂಪನಿಯಲ್ಲಿ ವರ್ಷದ ಕೊನೆಗೆ ಪ್ರತಿಯೊಬ್ಬರ ಬಗ್ಗೆ ಮೇಲಿನವರು ನಾಲ್ಕು ಸಾಲು ಬರೆಯುತ್ತಾರೆ. ನನ್ನ ಮ್ಯಾನೇಜರ್ ನನ್ನನ್ನು ಡೋಸೈಲ್ ಎಂದು ಬರೆದಿದ್ದ. ಫೋನಿನಲ್ಲಿ ಹುಡುಕಿದರೆ ಒಂದು ಕಡೆ ಒಳ್ಳೆಯ ಅರ್ಥ, ಇನ್ನೊಂದು ಕಡೆ ಕೆಟ್ಟದ್ದು. ಎದುರುಮನೆಗೆ ಹೋದೆ.

"ಮಿಸ್, ಡೋಸೈಲ್ ಅಂದ್ರೆ ಹೊಗಳಿದ್ದಾ, ತೆಗಳಿದ್ದಾ?"

"ಬರೆದವ ಹೊಗಳ್ಲಿಕ್ಕೇ ಬರೆದದ್ದು. ಅದೇ ಬೇಜಾರು," ಎಂದರು. "ಹಿಂದೆ ಆ ಶಬ್ದಕ್ಕೆ ಹೇಳಿಕೊಟ್ರೆ ಕಲಿಯುವವ ಅಂತ ಒಳ್ಳೆ ಅರ್ಥ ಇತ್ತು. ಈಗ ಎಳೆದಲ್ಲಿಗೆ ಬರುವ ದನಕ್ಕೆ ಹೇಳುದು. ಜೆಂಟಲ್ ಬೇರೆ, ಗೊತ್ತುಂಟಾ? ಕೈಯಲ್ಲಿ ಬಲ ಇದ್ದೂ ಮೆತ್ತಗೆ ಹಿಡಿಯುವವ ಜೆಂಟಲ್. ಡೋಸೈಲ್ ಆಗ್ಲಿಕ್ಕೆ ಬಲವೇ ಬೇಡ."

"ಈಗ ಏನ್ ಮಾಡ್ಲಿ?"

"ಹೋಗಿ ಹೇಳು, ಈ ಶಬ್ದ ನನಗೆ ಆಗುದಿಲ್ಲ ಅಂತ. ರವಿಕೆ ಬಿಗಿಯಾದ್ರೆ ಟೈಲರಿಗೆ ಹೇಳುದಿಲ್ವಾ? ಹಾಗೆ."

ಹೇಳಿದೆ. ಜೀವನದಲ್ಲಿ ಮೊದಲ ಸಲ ಮೇಲಿನವರ ಎದುರು ನಿಂತು, ನೀವು ಬರೆದದ್ದು ಸರಿಯಿಲ್ಲ ಎಂದೆ. ಆತ ಕಣ್ಣು ಮಿಟುಕಿಸಿ ನೋಡಿ, ಶಬ್ದವನ್ನು ಕೋಆಪರೇಟಿವ್ ಎಂದು ತಿದ್ದಿದ. ಮಿಸ್‌ಗೆ ಬಂದು ಹೇಳಿದರೆ, "ಅದೂ ಅಷ್ಟೇನು ಒಳ್ಳೆದಲ್ಲ. ಆದ್ರೆ ಮನುಷ್ಯರಿಗೆ ಹೇಳುವ ಶಬ್ದ," ಎಂದರು.

ಆಮೇಲೆ ಆಫೀಸಿನ ಕ್ಯಾಬ್ ಇಳಿದವಳು ನೇರ ಅವರ ಬಾಲ್ಕನಿಗೆ ಹೋಗಿ ಕೂರುವುದು ರೂಢಿಯಾಯಿತು. ಅವರು ಪುಸ್ತಕ ಹಿಡಿದು ಕಲಿಸಿದವರಲ್ಲ. ಕೆಳಗೆ ಸಂದಿಯಲ್ಲಿ ಓಡಾಡುವ ಜನರೇ ಅವರ ಪಾಠ. ಎದುರು ಬಂದವರ ಸೀರೆ ಚೆನ್ನಾಗಿಲ್ಲ ಎಂದು ಮುಖಕ್ಕೇ ಹೇಳುವ ಹೂವಿನಾಕೆಯನ್ನು ತೋರಿಸಿ, "ಅವಳನ್ನು ಫ್ರ್ಯಾಂಕ್ ಅಂತ ಹೇಳ್ಬೇಡ. ಫ್ರ್ಯಾಂಕ್ ಇದ್ದವ ಮನಸ್ಸಿನಲ್ಲಿದ್ದದ್ದು ಹೇಳಿ ನಿನ್ನ ಮುಖ ನೋಡ್ತಾನೆ. ಬ್ಲಂಟ್ ಇದ್ದವ ಹೇಳಿ ಹೋಗ್ತಾನೆ," ಎನ್ನುತ್ತಿದ್ದರು. ಯಾರ ಜೊತೆಗೂ ಬೆರೆಯದ ಇಸ್ತ್ರಿಯವನು ಶೈ ಅಲ್ಲ, ರಿಸರ್ವ್ಡ್. ಶೈ ಆದವನಿಗೆ ಮಾತಾಡುವ ಆಸೆ ಇರುತ್ತದೆ, ಧೈರ್ಯ ಇರುವುದಿಲ್ಲ. ರಜೆಯ ದಿನವಾದರೆ ರಾಯರು ಪೇಪರಿನ ಹಿಂದಿನಿಂದ, "ನನ್ನನ್ನು ಎಂತ ಮಾಡಿಟ್ಟಿದ್ದಿ?" ಎಂದು ಕೇಳಿದರೆ, "ನಾನು ಒಪ್ಪಿದ ವಿಷಯದಲ್ಲಿ ನೀವು ಫರ್ಮ್, ಒಪ್ಪದ ವಿಷಯದಲ್ಲಿ ಅಬ್‌ಸ್ಟಿನೇಟ್," ಎಂಬ ಉತ್ತರ. ಪೇಪರ್ ಅಲುಗುತ್ತಿತ್ತು. ರಾಯರ ನಗುವೂ ಹೆಂಡತಿಯ ನಗುವಿನ ಹಾಗೆ ಸದ್ದಿಲ್ಲದ್ದಾಗಿತ್ತು. ಯಾರು ಯಾರಿಂದ ಕಲಿತರೋ.

ಒಮ್ಮೆ ಟೆಂಪರಮೆಂಟ್‌ಗೂ ಕ್ಯಾರೆಕ್ಟರ್‌ಗೂ ಏನು ವ್ಯತ್ಯಾಸ ಎಂದು ಕೇಳಿದ್ದೆ. ಅವರು ಎಂದಿಗಿಂತ ಹೆಚ್ಚು ಹೊತ್ತು ಯೋಚಿಸಿದರು.

"ಟೆಂಪರಮೆಂಟ್ ಹುಟ್ಟುವಾಗ ತಂದದ್ದು. ಬೇಗ ಸಿಟ್ಟು ಬರುದು, ಬೇಗ ಅಳು ಬರುದು, ಅದೆಲ್ಲ. ಕ್ಯಾರೆಕ್ಟರ್ ನಾವು ದಿನಾ ಸ್ವಲ್ಪ ಸ್ವಲ್ಪ ಕಟ್ಟಿದ್ದು. ನಂಗೆ ಹುಟ್ಟಾ ಸಿಟ್ಟು ಮಾರಾಯ್ತಿ, ನಂಬ್ತೀಯಾ? ಸಣ್ಣವಳಿರುವಾಗ ತಮ್ಮನ ಕೈ ಕಚ್ಚಿ ರಕ್ತ ಬರಿಸಿದ್ದೆ. ಈ ಸಮಾಧಾನ ಎಲ್ಲ ಮತ್ತೆ ಕಟ್ಟಿದ್ದು. ಕಟ್ಟಿದ ಮೇಲೆ ಅದು ನಮ್ಮದೇ. ಯಾರಿಗೂ ಅದನ್ನು ತೆಗೀಲಿಕ್ಕೆ ಆಗುದಿಲ್ಲ."

ಅದನ್ನು ನಾನು ನಂಬಿದ್ದೆ. ಅವರೂ ನಂಬಿದ್ದರು.

ನನ್ನ ಮೊದಲ ಬಸಿರು ಐದನೇ ತಿಂಗಳಲ್ಲಿ ಹೋಯಿತು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ನೋಡಲು ಬಂದವರೆಲ್ಲ, ನೀನು ತುಂಬಾ ಸ್ಟ್ರಾಂಗ್, ಎಂದು ಹೇಳಿ ಹೋದರು. ನಾನೂ ತಲೆಯಾಡಿಸುತ್ತಾ ಕೂತಿದ್ದೆ. ಮಿಸ್ ಗಂಜಿ ತಂದು ಪಕ್ಕದಲ್ಲಿಟ್ಟು, ಎಲ್ಲರೂ ಹೋಗುವ ತನಕ ಮೂಲೆಯ ಕುರ್ಚಿಯಲ್ಲಿ ಸುಮ್ಮನೆ ಕೂತಿದ್ದರು. ಆಮೇಲೆ ಎದ್ದು ಬಾಗಿಲು ಹಾಕಿ ಬಂದು ಹೇಳಿದರು: "ಸ್ಟ್ರಾಂಗ್ ಅಂತ ಹೇಳಿ ನಿಂಗೆ ಅಳ್ಲಿಕ್ಕೆ ಸಹ ಬಿಡ್ಲಿಲ್ಲ ಅವರು. ಈಗ ನೀನು ಸ್ಟ್ರಾಂಗ್ ಅಲ್ಲ. ಅಳು." ನಾನು ಅವರ ಮಡಿಲಲ್ಲಿ ಮುಖವಿಟ್ಟು ಅತ್ತೆ. ಅವರು ನನ್ನ ಬೆನ್ನ ಮೇಲಿಟ್ಟ ಕೈ ಅಲ್ಲಾಡಲಿಲ್ಲ. ಸವರಲೂ ಇಲ್ಲ, ತಟ್ಟಲೂ ಇಲ್ಲ. ಗಂಜಿ ಆರಿ ಕೆನೆ ಕಟ್ಟಿತ್ತು. ಅದನ್ನು ಅವರೇ ಮತ್ತೆ ಬಿಸಿ ಮಾಡಿ ತಂದರು.

ಬದಲಾವಣೆ ಯಾವಾಗ ಶುರುವಾಯಿತೆಂದು ಈಗಲೂ ಹೇಳಲಾರೆ. ಮೊದಲು ಕಂಡದ್ದು ಸಣ್ಣ ಸಂಗತಿಗಳು. ಹೂವಿನಾಕೆಯ ಬುಟ್ಟಿಯಿಂದ ಕೇಳದೆ ಮೊಳ ಮಲ್ಲಿಗೆ ಎತ್ತಿಕೊಂಡು ಬಂದರು. ವಡಪಳನಿಯ ಮುರುಗನ ಗುಡಿಯ ಸಾಲಿನಲ್ಲಿ ಮುಂದಿದ್ದ ಮುದುಕಿಯನ್ನು ಮೊಣಕೈಯಿಂದ ಒತ್ತರಿಸಿ ಮುಂದೆ ಹೋದರು. ನಮ್ಮ ಮನೆಗೆ ಬಂದರೆ ನೇರ ಅಡುಗೆಮನೆಗೆ ಹೋಗಿ ಡಬ್ಬಿ ತೆಗೆದು, ಇದ್ದ ಸಿಹಿಯನ್ನೆಲ್ಲ ನಿಂತೇ ತಿನ್ನುತ್ತಿದ್ದರು. ಅವರ ನಗುವಿಗೆ ಸದ್ದು ಬಂದಿತ್ತು. ದೊಡ್ಡ ಸದ್ದು.

ಕಟ್ಟಡದ ಜನಕ್ಕೆ ಬೇಗನೆ ಶಬ್ದ ಸಿಕ್ಕಿತು. ಅಸೋಸಿಯೇಷನ್ ಸೆಕ್ರೆಟರಿ ಮೆಟ್ಟಿಲ ಮೇಲೆ ನನ್ನನ್ನು ನಿಲ್ಲಿಸಿ, "ಟೀಚರಮ್ಮಾಗೆ ರೊಂಬ ತಿಮಿರು ಬಂದುಬಿಟ್ಟಿದೆ," ಎಂದ. ತಿಮಿರು ಎಂದರೆ ಸೊಕ್ಕು. ಇನ್ನು ಕೆಲವರು ಸ್ವಾರ್ಥ ಎಂದರು. ಅವರ ಮಗಳು ಚಿಕ್ಕಂದಿನಿಂದ ತಮಿಳು ಶಾಲೆಯಲ್ಲಿ ಓದಿದವಳು. ಕನ್ನಡ ಅರ್ಥವಾಗುತ್ತಿತ್ತು, ಉತ್ತರ ತಮಿಳಿನಲ್ಲೋ ಇಂಗ್ಲಿಷಿನಲ್ಲೋ. ಅವಳು, "ಅಮ್ಮಾ ವೇಣುಮ್‌ನೇ ಪಣ್ಣರಾಂಗ ಅಕ್ಕಾ," ಎಂದಳು, ಬೇಕೆಂದೇ ಮಾಡುತ್ತಿದ್ದಾರೆ ಎಂದು. ರಾಯರಿಗೆ ಮಾತ್ರ ಬೇರೆ ಅನುಮಾನವಿತ್ತು. "ನಾನು ಜೀವಮಾನ ಇಡೀ ಹೋಟೆಲಿನಲ್ಲೇ ಕಳೆದೆ. ಇವಳ ಹತ್ರ ಕೂತು ಮಾತಾಡಿದ್ದೇ ಕಡಿಮೆ. ಅದರ ಸಿಟ್ಟು ಈಗ ಬರ್ತಾ ಉಂಟು," ಎಂದು ನನ್ನ ಗಂಡನ ಹತ್ತಿರ ಹೇಳಿಕೊಂಡರಂತೆ. ಹಾಗೆಂದುಕೊಂಡು ಪಾಪ, ಅವರು ಹೆಂಡತಿಯನ್ನು ಸಿನಿಮಾಕ್ಕೆ, ಬೀಚಿಗೆ ಕರೆದುಕೊಂಡು ಹೋಗತೊಡಗಿದರು. ಒಮ್ಮೆ ಮಿಸ್ ಸಿನಿಮಾದ ನಡುವೆ ಎದ್ದು ಮನೆಗೆ ನಡೆದುಬಿಟ್ಟಿದ್ದರು. ರಾಯರು ಹುಡುಕಿಕೊಂಡು ಬಂದರೆ, ನೀವು ಯಾಕೆ ಅಷ್ಟು ಬೆವರಿದ್ದೀರಿ ಎಂದು ಕೂಡ ಕೇಳಲಿಲ್ಲವಂತೆ.

ಒಂದು ಭಾನುವಾರ ನಮ್ಮ ಮನೆಗೆ ಊರಿನಿಂದ ಅತ್ತೆ ಮಾವ ಬಂದಿದ್ದರು. ಮಿಸ್ ಬಂದು ನಡುಮನೆಯಲ್ಲಿ ಕೂತರು. ಅತ್ತೆ ವಿಶ್ವಾಸದಿಂದ, "ನಮ್ ಹುಡ್ಗೀಗೆ ನೀವೇ ಇಲ್ಲಿ ತಾಯಿ ಇದ್ದಂಗೆ," ಎಂದರು.

ಮಿಸ್ ನನ್ನನ್ನು ತೋರಿಸಿ, "ಇವಳಿಗೆ ಮಕ್ಕಳಾಗುದಿಲ್ಲ. ಒಂದು ಬಂತು, ಅದೂ ಹೊಟ್ಟೆಯಲ್ಲೇ ಸತ್ತಿತು," ಎಂದು ಹೇಳಿ ಗಟ್ಟಿಯಾಗಿ ನಕ್ಕರು.

ನಾನು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತೆ. ಅತ್ತೆ ಬಂದು, "ಎಂಥಾ ಹೆಂಗಸವ್ವ ಇದು," ಎಂದರು. ಎಂಥಾ ಹೆಂಗಸು ಎಂದು ಹೇಳಲು ನನಗೆ ಕಲಿಸಿದ್ದವರೇ ಅವರು.

ಮರುದಿನ ಬೆಳಿಗ್ಗೆ ಬಾಗಿಲು ಬಡಿದ ಸದ್ದು. ತೆರೆದರೆ ಮಿಸ್. "ನಿನ್ನೆಯ ಮೈಸೂರ್ ಪಾಕ್ ಉಂಟಾ?" ಎಂದರು. ನಾನು ಅವರ ಮುಖವನ್ನೇ ನೋಡಿದೆ. ಬೇಕೆಂದು ನೋವು ಕೊಟ್ಟವರು ಮರುದಿನ ಕಣ್ಣು ತಪ್ಪಿಸುತ್ತಾರೆ, ಇಲ್ಲವೆ ಕಣ್ಣಲ್ಲಿ ಕಣ್ಣಿಟ್ಟು ಇನ್ನೂ ಸ್ವಲ್ಪ ಕೊಡಲು ನೋಡುತ್ತಾರೆ. ಅವರ ಕಣ್ಣಿನಲ್ಲಿ ಎರಡೂ ಇರಲಿಲ್ಲ. ನಾನು ಅಲ್ಲಿ ನಿಂತಿದ್ದೇನೆ ಎಂಬುದೇ ಇರಲಿಲ್ಲ. ನನಗೆ ಆಗ ಹೆದರಿಕೆಯಾಯಿತು. ಅವತ್ತೇ ರಾಯರಿಗೆ ಹೇಳಿದೆ: "ರಾಯ್ರೇ, ಇದು ಸಿಟ್ಟಲ್ಲ. ಡಾಕ್ಟರಿಗೆ ತೋರಿಸೋಣ."

ನರರೋಗದ ಡಾಕ್ಟರ್ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಸ್ಕ್ಯಾನಿನ ಚಿತ್ರವನ್ನು ಬೆಳಕಿಗೆ ಹಿಡಿದು, ಮೆದುಳಿನ ಮುಂಭಾಗ ಸೊರಗುತ್ತಿದೆ, ಇನ್ನೊಬ್ಬರ ನೋವು ನಮಗೆ ತಾಗುವುದು ಆ ಜಾಗದಲ್ಲಿ, ಎಂದು ತೋರಿಸಿದಳು. ಮರೆವು ನಿಧಾನವಾಗಿ ಬರುತ್ತದೆ, ಮೊದಲು ಹೋಗುವುದು ಸ್ವಭಾವ ಎಂದಳು. ಔಷಧಿ ಇಲ್ಲ. ನಿದ್ದೆಗೆ ಒಂದು, ರಂಪಕ್ಕೆ ಒಂದು ಮಾತ್ರೆ ಕೊಡಬಹುದು, ಅಷ್ಟೆ. ಮಿಸ್ ಅಷ್ಟು ಹೊತ್ತೂ ಮೇಜಿನ ಮೇಲಿದ್ದ ಪೆನ್ನುಗಳನ್ನು ಒಂದೊಂದಾಗಿ ತಮ್ಮ ಚೀಲಕ್ಕೆ ಹಾಕಿಕೊಳ್ಳುತ್ತಿದ್ದರು.

ರಾಯರು ತಮಗೆ ಬರುವ ಹೋಟೆಲ್ ತಮಿಳಿನಲ್ಲಿ ಕೇಳಿದರು: ಅಮ್ಮಾ, ಇವಳು ಮಾತಾಡುವುದು ರೋಗವೋ, ಇವಳ ಗುಣವೋ?

ಡಾಕ್ಟರ್, "ಇಪ್ಪೊ ರೆಂಡುಮ್ ಒಣ್ಣುದಾನ್ ಸಾರ್," ಎಂದಳು. ಈಗ ಎರಡೂ ಒಂದೇ.

ಆಟೋದಲ್ಲಿ ಬರುವಾಗ ರಾಯರು ಹೆಂಡತಿಯ ಕೈ ಹಿಡಿದುಕೊಂಡಿದ್ದರು. ಮಿಸ್ ಆ ಕೈಯನ್ನು ಕೊಡವಿ, ಚೀಲದೊಳಗಿನ ಪೆನ್ನುಗಳನ್ನು ನೋಡುತ್ತಾ ಕೂತರು.

ಎಲ್ಲಕ್ಕಿಂತ ಭಯಂಕರವೆಂದರೆ ಶಬ್ದಗಳು ಹೋಗಿರಲಿಲ್ಲ. ಮನುಷ್ಯರು ಹೋಗಿದ್ದರು, ಅವರನ್ನು ಕರೆಯುವ ಶಬ್ದಗಳು ಉಳಿದಿದ್ದವು. ಒಂದು ಸಂಜೆ ರಾಯರು ಔಷಧಿ ತರಲು ಇಳಿದಿದ್ದರು, ನಾನು ಮಿಸ್ ಜೊತೆ ಬಾಲ್ಕನಿಯಲ್ಲಿದ್ದೆ. ಮೊದಲಿನ ಹಾಗೆ ಏನಾದರೂ ಕೇಳಿದರೆ ಒಂದು ಗಳಿಗೆಗಾದರೂ ಅವರು ವಾಪಸು ಬಂದಾರೆಂಬ ಆಸೆ. ಬಾಯಿಗೆ ಬಂದದ್ದನ್ನು ಕೇಳಿದೆ.

"ಮಿಸ್, ಕ್ರೂಯೆಲ್‌ಗೂ ಕ್ಯಾಲಸ್‌ಗೂ ಏನ್ ವ್ಯತ್ಯಾಸ?"

ತಡವಿಲ್ಲದೆ ಉತ್ತರ ಬಂತು. ಅದೇ ಸ್ವರ, ಅದೇ ನಿಲುಗಡೆ. "ಕ್ರೂಯೆಲ್ ಅಂದ್ರೆ ನೋವಾಗ್ತದೆ ಅಂತ ಗೊತ್ತಿದ್ದು ಮಾಡುವವ. ಕ್ಯಾಲಸ್ ಅಂದ್ರೆ ನೋವಾದದ್ದು ಗೊತ್ತೇ ಆಗದವ. ಚರ್ಮ ದಡ್ಡುಗಟ್ಟಿದ ಹಾಗೆ."

ಕೇಳಬಾರದಿತ್ತೋ ಏನೋ. "ನೀವು ಯಾವುದು ಮಿಸ್?" ಎಂದೆ.

ಅವರು ನನ್ನ ಕಡೆ ತಿರುಗಿದರು. "ಹಸಿವಾಗ್ತದೆ. ಬಿಸ್ಕೆಟ್ ಉಂಟಾ?"

ಒಳಗೆ ಹೋಗಿ ಬಿಸ್ಕೆಟ್ ತಂದುಕೊಟ್ಟೆ. ಅವರು ಹೇಳಿದ ಅರ್ಥದ ಪ್ರಕಾರ ಅವರು ಕ್ರೂರಿಯಲ್ಲ ಎಂದಾಯಿತು. ಅದರಿಂದ ನನಗೆ ಸಮಾಧಾನ ಸಿಗಬೇಕಿತ್ತು. ಸಿಗಲಿಲ್ಲ. ಕ್ರೂರಿಯಾಗಿದ್ದರೆ ನನಗೆ ನೋವು ಕೊಡುವಷ್ಟಾದರೂ ನಾನು ಅವರಿಗೆ ಬೇಕಾಗಿದ್ದೆ ಎಂದಾಗುತ್ತಿತ್ತು.

ಆಮೇಲಿನದು ಇಳಿಜಾರು. ಅವರನ್ನು ನೋಡಿಕೊಳ್ಳಲು ಬಂದ ಹೆಂಗಸಿನ ಮುಂಗೈ ಕಚ್ಚಿದರು. ಅವಳು ಮರುದಿನ ಬರಲಿಲ್ಲ, ಇನ್ನೊಬ್ಬಳು ವಾರ ನಿಲ್ಲಲಿಲ್ಲ. ಸ್ನಾನ, ಊಟ, ಬಟ್ಟೆ ಎಲ್ಲವನ್ನೂ ರಾಯರೇ ಮಾಡುತ್ತಿದ್ದರು. ಒಂದು ದಿನ ಅವರ ಕೆನ್ನೆಯ ಮೇಲೆ ಉಗುರಿನ ಗೀರು ಕಂಡು ನಾನು ಏನೋ ಕೇಳಲು ಹೋದರೆ, "ಶೇವ್ ಮಾಡುವಾಗ ಆದದ್ದು," ಎಂದು ಮುಖ ತಿರುಗಿಸಿದರು. ಮಿಸ್ ಬಾಯಲ್ಲಿ ಕನ್ನಡ ಹೋಯಿತು, ತಮಿಳು ಹೋಯಿತು, ಇಂಗ್ಲಿಷಿನ ಒಂದೆರಡು ಶಬ್ದ ಅರ್ಥವಿಲ್ಲದೆ ಸುತ್ತುತ್ತಿದ್ದು ಅವೂ ನಿಂತವು.

ಮಗಳು ರಜೆಯ ದಿನ ಬರುತ್ತಿದ್ದಳು. ತಾಯಿಗೆ ಅನ್ನ ಕಲಸಿ ತಿನ್ನಿಸಿ, ನಮ್ಮ ಮನೆಗೆ ಬಂದು ಕೂರುತ್ತಿದ್ದಳು. ಒಮ್ಮೆ ಕೇಳಿದಳು, "ಅಕ್ಕಾ, ನೇತ್ತು, ನಿನ್ನೆ, ನಾನು ಮಗನಿಗೆ ಹೊಡೆದೆ. ಹೋಮ್‌ವರ್ಕ್ ಮಾಡಲಿಲ್ಲ ಅಂತ. ಹೊಡೆದ ಮೇಲೆ ಅವನು ಅಳುವಾಗ ನನಗೆ ಒಣ್ಣುಮೇ ತೋಣಲೆ. ಏನೂ ಅನ್ನಿಸಲಿಲ್ಲ. ಇದು ಸುಸ್ತಾ? ಇಲ್ಲ ನನಗೂ ಶುರುವಾಯ್ತಾ?"

ಅವಳು ಕನ್ನಡದಲ್ಲಿ ಅಷ್ಟು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ರೋಗ ರಕ್ತದಲ್ಲಿ ಬರಬಹುದು, ಬಾರದೆಯೂ ಇರಬಹುದು ಎಂದು ಡಾಕ್ಟರ್ ಹೇಳಿದ್ದಳಂತೆ. ಪರೀಕ್ಷೆ ಮಾಡಿಸಿಕೊಳ್ಳಲು ಅವಳಿಗೆ ಧೈರ್ಯವಿಲ್ಲ. ಅವಳಿಗಿನ್ನು ಪ್ರತಿ ಸಿಟ್ಟೂ ಅನುಮಾನವೇ. ಎಲ್ಲ ತಾಯಂದಿರೂ ಹೊಡೆಯುತ್ತಾರೆ ಎಂದೆ. ಅವಳು ನಂಬಲಿಲ್ಲ. ನಾನೂ ಗಟ್ಟಿಯಾಗಿ ಹೇಳಿರಲಿಲ್ಲ.

ಮಿಸ್ ಹೋದದ್ದು ಒಂದು ಬೆಳಿಗ್ಗೆ, ಕಫ ಕಟ್ಟಿ. ನುಂಗುವುದನ್ನೇ ಮರೆತಿದ್ದ ಗಂಟಲಿನಿಂದ ಗಂಜಿ ಶ್ವಾಸಕೋಶಕ್ಕೆ ಇಳಿದಿತ್ತು. ಕೊನೆಯಲ್ಲಿ ಒಂದು ನೋಟ, ಒಂದು ಗುರುತು, ಅಂಥದ್ದೇನೂ ಆಗಲಿಲ್ಲ. ಕಥೆಗಳಲ್ಲಿ ಆಗುತ್ತದೆ. ಮಗಳು ಕೈ ಹಿಡಿದು ಕೂತಿದ್ದಳು, ಮಿಸ್ ಫ್ಯಾನ್ ನೋಡುತ್ತಿದ್ದರು.

ವೈಕುಂಠ ಸಮಾರಾಧನೆಯ ದಿನ ಹಳೆಯ ವಿದ್ಯಾರ್ಥಿನಿಯರು ಬಂದರು. ತಲೆ ನರೆತವರೂ ಇದ್ದರು. ಒಬ್ಬೊಬ್ಬರೂ ಎದ್ದು ಮಾತಾಡಿದರು: ಮಿಸ್ ದನಿ ಏರಿಸಿದ್ದೇ ಇಲ್ಲ, ಮಿಸ್‌ನಷ್ಟು ಜೆಂಟಲ್ ಆದವರನ್ನು ಕಾಣಲಿಲ್ಲ. ಕೊನೆಯ ಸಾಲಿನಲ್ಲಿ ಕೂತಿದ್ದ ಅಸೋಸಿಯೇಷನ್ ಸೆಕ್ರೆಟರಿ ನೆಲ ನೋಡುತ್ತಿದ್ದ. ರಾಯರು ಬಂದವರಿಗೆ ಕೈ ಮುಗಿಯುತ್ತಾ, ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು. ಬೇರೆ ಯಾರದೋ ಮನೆಯ ಕಾರ್ಯಕ್ಕೆ ತಪ್ಪಿ ಬಂದವರ ಹಾಗಿತ್ತು ಅವರ ಮುಖ.

ನಾನು ಈಗ ಕಂಪನಿಯಲ್ಲಿ ನಾಲ್ಕು ಜನರ ಮೇಲಿದ್ದೇನೆ. ವರ್ಷಕ್ಕೊಮ್ಮೆ ಅವರ ಬಗ್ಗೆ ಬರೆಯಬೇಕು. ಪ್ರತಿ ಶಬ್ದಕ್ಕೂ ನಿಂತು ಯೋಚಿಸುತ್ತೇನೆ. ಹುಡುಗರು ಬೇಸರಪಡುವಷ್ಟು ತಡ ಮಾಡುತ್ತೇನೆ. ಇದು ಮಿಸ್ ಕೊಟ್ಟದ್ದು, ಈ ಋಣ ತೀರಿಸೋಣವೆಂದರೆ ಅವರಿಲ್ಲ. ಆದರೆ ಹಾಗೆ ಯೋಚಿಸುವಾಗಲೆಲ್ಲ ಒಂದು ಭಯವೂ ಬರುತ್ತದೆ. ಇವನು ತಾಳ್ಮೆಯವನು, ಇವಳು ಕರುಣೆಯವಳು ಎಂದು ಬರೆಯುತ್ತೇವಲ್ಲ, ಅದು ಅವರದೇ ಏನು? ಹಣೆಯ ಹಿಂದೆ ಒಂದು ಹಿಡಿಯಷ್ಟು ಜಾಗ ಸರಿಯಿರುವ ತನಕದ ಮಾತು ಅದು. ಮಿಸ್ ಜೀವಮಾನವಿಡೀ ಕಟ್ಟಿದ್ದು ನನ್ನ ಕಣ್ಣೆದುರೇ ಬಿದ್ದುಹೋಯಿತು.

ಅವರು ಹೋಗಿ ಕೆಲವು ತಿಂಗಳಾದ ಮೇಲೆ ಒಂದು ಸಂಜೆ ರಾಯರು ನಮ್ಮ ಮನೆಗೆ ಬಂದು ಕೂತರು. ಕಾಫಿ ಕೊಟ್ಟೆ. ಲೋಟವನ್ನು ಕುಡಿಯದೆ ಕೈಯಲ್ಲೇ ಹಿಡಿದುಕೊಂಡರು.

"ನಿಮ್ಮ ಹತ್ರ ಒಂದು ಕೇಳ್ಬೇಕಿತ್ತಮ್ಮ," ಎಂದರು. "ನಗಾಡ್ಬೇಡಿ. ಇವಳು ಮೊದಲು ಹೇಗಿದ್ಲು ಅಂತ ಸ್ವಲ್ಪ ಹೇಳ್ತೀರಾ? ನೆನಪು ಮಾಡ್ಲಿಕ್ಕೆ ಕೂತ್ರೆ ಆಮೇಲಿನದ್ದೇ ಬರ್ತದೆ. ಅದರ ಹಿಂದೆ ಹೋಗ್ಲಿಕ್ಕೇ ಆಗುದಿಲ್ಲ. ಮದುವೆ ಫೋಟೋ ನೋಡಿದ್ರೆ ಸಹ ಆಮೇಲಿನ ಮುಖವೇ ಕಾಣ್ತದೆ."

ನಾನು ಹೇಳತೊಡಗಿದೆ. ವಯಸ್ಸಾದವರು ಯಾರಾದರೂ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತುವ ಸದ್ದು ಕೇಳಿದರೆ ಮಿಸ್ ಬಾಗಿಲು ತೆರೆದು, ಮೆಟ್ಟಿಲ ತಿರುವಿನಲ್ಲಿ ಒಂದು ಸ್ಟೂಲ್ ಇಟ್ಟು, ಅವರು ಮೇಲೆ ಬರುವ ಮೊದಲೇ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದುದನ್ನು ಹೇಳಿದೆ. ಥ್ಯಾಂಕ್ಸ್ ಹೇಳುವ ಕಷ್ಟ ಅವರಿಗೆ ಬೇಡ ಎನ್ನುತ್ತಿದ್ದರು ಎಂದೆ.

"ಹೌದಾ?" ಎಂದರು ರಾಯರು. "ನಾನು ಹೋಟೆಲಿನಲ್ಲಿರ್ತಿದ್ದೆ. ನಂಗೆ ಗೊತ್ತೇ ಇರ್ಲಿಲ್ಲ."

ಇನ್ನೂ ಕೆಲವು ಹೇಳಿದೆ. ಅವರು ಪ್ರತಿಯೊಂದಕ್ಕೂ ತಲೆಯಾಡಿಸಿ, ಕುತೂಹಲದಿಂದ ಕೇಳಿದರು. ಒಂದೆರಡು ಕಡೆ ಪ್ರಶ್ನೆಯನ್ನೂ ಹಾಕಿದರು. ಒಂದಕ್ಕೂ, ಹೌದು ನನಗೂ ನೆನಪಾಯಿತು, ಎನ್ನಲಿಲ್ಲ. ನನಗೆ ಹೇಳಲು ಇದ್ದದ್ದೆಲ್ಲ ಮುಗಿಯಿತು.

ರಾಯರು ತಣ್ಣಗಾದ ಕಾಫಿ ಕುಡಿದು ಎದ್ದರು.

"ಒಳ್ಳೆಯವಳಿದ್ಲು ಹಾಗಾದ್ರೆ," ಎಂದು ಹೇಳಿ, ಚಪ್ಪಲಿ ಮೆಟ್ಟಿ, ಹಾಲು ತರಲು ಮೆಟ್ಟಿಲಿಳಿದು ಹೋದರು.